ಪ್ರಶ್ನೆಗಳು ಎಲ್ಲಿವೆ?

ಅಕ್ಕನ ಮಗಳು ಮೊನ್ನೆ 22 ಪುಟದ ಇಂಗ್ಲಿಷ್ ಲೇಖನವೊಂದನ್ನು ತಂದು ನನ್ನ ಮುಂದಿಟ್ಟಳು. ವಿಶ್ವವಿದ್ಯಾಲಯದ ಮೊದಲ ವಾರದ ಓದು. ಸೀದಾ ಕೊನೆಯ ಪುಟ ತಿರುಗಿಸಿ, 'ಚಿಕ್ಕಮ್ಮ, ಇದರಲ್ಲಿ ಪ್ರಶ್ನೆಗಳೇ ಇಲ್ವಲ್ಲ, ಏನು ಅಂತ ಓದೋದು?' ಅಂದಳು.

ನಾನು ಜೋರಾಗಿ ನಕ್ಕುಬಿಟ್ಟೆ. ಅವಳು ನಗಲಿಲ್ಲ.

ಶಾಲೆಯಲ್ಲಿ ಇಂಗ್ಲಿಷಿಗೆ ಯಾವಾಗಲೂ ಇವಳೇ ಮೊದಲು. ಅಕ್ಕ ಆ ಅಂಕಪಟ್ಟಿಯನ್ನು ಬಂದವರಿಗೆಲ್ಲ ಇನ್ನೂ ತೋರಿಸುತ್ತಾಳೆ, ಅದಿರಲಿ. ಆ ಪುಸ್ತಕಗಳಲ್ಲಿ ಇದ್ದದ್ದು ಎರಡು ಪುಟದ ಕಥೆ, ಕಷ್ಟದ ಪದಕ್ಕೆ ಪಕ್ಕದಲ್ಲೇ ಅರ್ಥ, ಕೆಳಗೆ ಪ್ರಶ್ನೆ. ಪ್ರಶ್ನೆಯಲ್ಲಿರುವ ಪದ ಪಾಠದಲ್ಲಿ ಎಲ್ಲಿದೆ ಅಂತ ಹುಡುಕಿ, ಆ ಸಾಲನ್ನು ಇಳಿಸಿದರೆ ಪೂರ್ತಿ ಅಂಕ. ಅವಳ ಟೀಚರ್ ಉತ್ತರಗಳಿಗೆ ಪೆನ್ಸಿಲ್ಲಿನಲ್ಲಿ ಗೆರೆಯನ್ನೂ ಹಾಕಿಸುತ್ತಿದ್ದರಂತೆ. ಪಾಪ, ಪರೀಕ್ಷೆಗೆ ತಕ್ಕ ಹಾಗೆ ಕಲಿಸಿದರು.

ಇಬ್ಬರೂ ಕೂತು ಓದಿದೆವು. ವಿಷಯದ ದೊಡ್ಡ ದೊಡ್ಡ ಪದಗಳನ್ನು ಫೋನಿನಲ್ಲಿ ಮೊದಲೇ ನೋಡಿಕೊಂಡಿದ್ದಳು. ಎಡವಿದ್ದು 'ಅಸ್ಯೂಮ್', 'ಡಿರೈವ್' ಥರದವುಗಳಲ್ಲಿ. 2000ದಲ್ಲಿ ಆವೆರಿಲ್ ಕಾಕ್ಸ್‌ಹೆಡ್ ಅನ್ನೋ ಭಾಷಾ ಸಂಶೋಧಕಿ, ಬೇರೆ ಬೇರೆ ವಿಷಯಗಳ ಬರಹಗಳಲ್ಲೆಲ್ಲ ಬರುವ ಇಂಥ 570 ಪದಕುಟುಂಬಗಳ (ಒಂದು ಪದ ಮತ್ತು ಅದರಿಂದಾದ ರೂಪಗಳು ಸೇರಿ ಒಂದು ಕುಟುಂಬ) ಪಟ್ಟಿ ಮಾಡಿದ್ದರು. ಅವರು ಎಣಿಸಿದ ವಿಶ್ವವಿದ್ಯಾಲಯದ ಬರಹಗಳಲ್ಲಿ ನೂರಕ್ಕೆ ಹತ್ತು ಪದ ಈ ಪಟ್ಟಿಯವು. ಕಥೆ ಕಾದಂಬರಿಗಳಲ್ಲಿ ನೂರಕ್ಕೆ ಒಂದೂವರೆಯೂ ಇಲ್ಲ. ಬರೀ ಕಥೆ ಓದಿಸಿದರೆ ಇವು ಕಣ್ಣಿಗೆ ಬೀಳುವುದಾದರೂ ಹೇಗೆ?

ಪದ ಹೋಗಲಿ. ಮೂರನೇ ಪುಟದ ಒಂದು ಸಾಲಿಗೆ ಗೆರೆ ಹಾಕಿ, 'ಲೇಖಕರ ಅಭಿಪ್ರಾಯ' ಅಂತ ಪಕ್ಕದಲ್ಲಿ ಬರೆದಿದ್ದಳು. ನೋಡಿದರೆ ಅದು ಬೇರೆಯವರ ಮಾತು, ಲೇಖಕರು ತಪ್ಪು ಅಂತ ತೋರಿಸಲು ಎತ್ತಿಕೊಂಡದ್ದು! ಮುಂದಿನ ಪ್ಯಾರಾದ 'ಹೌಎವರ್', ಅಂದರೆ 'ಆದರೆ', ಅನ್ನೋ ಪುಟ್ಟ ಪದವನ್ನು ಸುಮ್ನೆ ದಾಟಿಬಿಟ್ಟಿದ್ದಳು. ಅವಳನ್ನು ಏನೆನ್ನುವುದು? ಶಾಲೆಯ ಪಾಠದಲ್ಲಿ ಯಾರೂ ಯಾರ ಜೊತೆಗೂ ವಾದಕ್ಕೆ ಇಳಿಯುವುದಿಲ್ಲ. ಅಲ್ಲಿ ಅಚ್ಚಾದದ್ದೆಲ್ಲ ನಿಜ. 'ಇದು ಇಬ್ಬರ ಜಗಳ ಅಂದುಕೊಂಡು ಇನ್ನೊಮ್ಮೆ ಓದು' ಅಂದೆ.

ಅವಳು ಕೊನೆಯ ಪುಟಕ್ಕೆ ಹಾರಿದ್ದು ವಾರವಿಡೀ ಕಣ್ಣಮುಂದೆ ಬರುತ್ತಿದೆ. ನಾನೂ ಹಾಗೇ ಅಲ್ವಾ? ಕೆಲಸದಲ್ಲಿ ಉದ್ದದ ವರದಿ ಬಂದರೆ, ನನ್ನಿಂದ ಏನು ಬೇಕಂತೆ ಅಂತ ಮೊದಲು ಕೊನೆಯನ್ನೇ ನೋಡುತ್ತೇನೆ. ನಡುವಿನ ಪುಟಗಳಲ್ಲಿ ಯಾರು ಏನು ಹೇಳಿದರೋ, ಯಾಕೆ ಹೇಳಿದರೋ! ತಲೆಯಾಡಿಸಿ ಸಹಿ ಹಾಕಿದ್ದೇ ಜಾಸ್ತಿ.

ನಿನ್ನೆ ರಾತ್ರಿ ಅವಳ ಮೆಸೇಜ್ ಬಂತು: 'ಚಿಕ್ಕಮ್ಮ, ಎರಡನೇ ಲೇಖನ ಕೊಟ್ಟಿದ್ದಾರೆ. ಇವರು ಮೂರು ಜನರ ಜೊತೆ ಜಗಳಕ್ಕೆ ನಿಂತಿದ್ದಾರೆ.'