ಪಾಯ ಹಾಕಿ 16 ವರ್ಷ

ನಮ್ಮ ಮನೆಯಿಂದ ಚರ್ಚಿಗೆ ಹೋಗುವ ದಾರಿಯಲ್ಲಿ ಒಂದು ಅರ್ಧಂಬರ್ಧ ಮನೆ ಇದೆ. ಪಾಯ ಹಾಕಿ, ನಾಲ್ಕು ಪಿಲ್ಲರ್ ಎಬ್ಬಿಸಿ ಅಲ್ಲಿಗೇ ಕೈಬಿಟ್ಟಿದ್ದಾರೆ. ಪಿಲ್ಲರ್ ತುದಿಯಲ್ಲಿ ಕಂಬಿಗಳು ತುಕ್ಕು ಹಿಡಿದು ನಿಂತಿವೆ. ಒಂದು ಕಂಬಿಗೆ ದೃಷ್ಟಿ ಆಗದಿರಲಿ ಅಂತ ಬೂದುಗುಂಬಳಕಾಯಿ ಕಟ್ಟಿದ್ದರು, ಅದು ಕೊಳೆತು ಬಿದ್ದು ಈಗ ಬರೀ ಹಗ್ಗ ನೇತಾಡುತ್ತಿದೆ. ಹಾಲ್ ಆಗಬೇಕಿದ್ದ ಜಾಗದಲ್ಲಿ ಎಕ್ಕದ ಗಿಡ ಆಳೆತ್ತರ ಬೆಳೆದಿದೆ. ಪ್ರತಿ ಭಾನುವಾರ ಅದನ್ನು ದಾಟುವಾಗ ನನಗೆ ಬೈಬಲಿನ ಎಜ್ರನ ಪುಸ್ತಕ ನೆನಪಾಗುತ್ತದೆ.

ಯೆಹೂದ್ಯರು ಬಾಬೆಲಿನ ಸೆರೆಯಿಂದ ವಾಪಸ್ ಬಂದ ಕಥೆ ಅಂದರೆ ನಮ್ಮ ಸಭೆಗಳಲ್ಲಿ ನೆಹೆಮೀಯನೇ. ಅವನ ಮುಂದಾಳತ್ವದಲ್ಲಿ ಯೆರೂಸಲೇಮಿನ ಗೋಡೆ 52 ದಿನದಲ್ಲಿ ಎದ್ದ ಪ್ರಸಂಗವನ್ನು ಹತ್ತು ಸಲವಾದರೂ ಕೇಳಿದ್ದೇನೆ. ಕಟ್ಟಡ ನಿಧಿ ಶುರುವಾದ ವರ್ಷವಂತೂ ತಪ್ಪದೆ ಕೇಳಿಸುತ್ತದೆ (ತಮಾಷೆಗೆ ಹೇಳಿದೆ, ಪಾಸ್ಟರ್‌ಗಳು ಬೇಜಾರು ಮಾಡಿಕೊಳ್ಳಬಾರದು). ಆದರೆ ಆ 52 ದಿನ ಬರುವುದು ಕ್ರಿ.ಪೂ. 445ರಲ್ಲಿ. ಮೊದಲ ಗುಂಪು ಊರಿಗೆ ಮರಳಿ ಆಗಲೇ 90 ವರ್ಷ ದಾಟಿತ್ತು. ಅದಕ್ಕೂ ಎಷ್ಟೋ ಮುಂಚೆ ಅದೇ ಜನ ದೇವಾಲಯಕ್ಕೆ ಪಾಯ ಹಾಕಿ, ಕೆಲಸ ನಿಲ್ಲಿಸಿ, ಸುಮಾರು 16 ವರ್ಷ ಸುಮ್ನೆ ಕೂತಿದ್ದರು. ಆ 16 ವರ್ಷದ ಬಗ್ಗೆ ಒಂದು ಪ್ರಸಂಗವನ್ನೂ ಕೇಳಿದ ನೆನಪಿಲ್ಲ. ನನ್ನಂಥವರು ಬದುಕುತ್ತಿರುವುದು ಅಲ್ಲೇ ಅಲ್ವಾ?

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ಬಾಬೆಲಿನ ರಾಜ ನೆಬೂಕದ್ನೆಚ್ಚರ ಕ್ರಿ.ಪೂ. 597ರಲ್ಲಿ ಯೆಹೂದದ ರಾಜ ಯೆಹೋಯಾಖೀನನನ್ನೂ ಕೈಕಸಬು ಬಲ್ಲವರನ್ನೂ ಹಿಡಿದೊಯ್ದ. 586ರಲ್ಲಿ ಪಟ್ಟಣ ಸುಟ್ಟ, ದೇವಾಲಯ ಕೆಡವಿದ. ಈ ಎರಡರ ಮಧ್ಯೆ ಪ್ರವಾದಿ ಯೆರೆಮೀಯ ಸೆರೆಹೋದವರಿಗೆ ಒಂದು ಪತ್ರ ಬರೆದ. ಹೊಸ ವರ್ಷದ ರಾತ್ರಿ ನಾವು ಎತ್ತುವ ವಾಗ್ದಾನದ ಕಾರ್ಡುಗಳಲ್ಲಿ ಯೆರೆಮೀಯ 29:11 ಇದ್ದೇ ಇರುತ್ತದೆ, ನಿಮ್ಮ ಬಗ್ಗೆ ನನಗಿರುವುದು ಒಳ್ಳೆಯ ಯೋಚನೆ, ಕೇಡಿನದಲ್ಲ ಅನ್ನುವ ವಚನ. ಅದು ಈ ಪತ್ರದ್ದೇ. ಅದರ ಹಿಂದಿನ ವಚನವನ್ನು ಯಾರೂ ಕಾರ್ಡಿನಲ್ಲಿ ಹಾಕುವುದಿಲ್ಲ. ಅಲ್ಲಿ 70 ವರ್ಷ ಅಂತಿದೆ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿ, ನೀವಿರುವ ಊರಿಗಾಗಿ ಪ್ರಾರ್ಥಿಸಿ ಅಂತ ಬರೆದಿದ್ದಾನೆ. ಅಂದರೆ ಆ ಪತ್ರ ಓದಿಸಿಕೊಂಡು ಕೇಳಿದವರಲ್ಲಿ ಬಹಳ ಜನ ಬಾಬೆಲಿನಲ್ಲೇ ಮಣ್ಣಾಗುವವರು. ನಾವು ಅದನ್ನು ಜನವರಿಯಲ್ಲಿ ಎತ್ತಿ ಮಾರ್ಚ್ ಹೊತ್ತಿಗೆ ಫಲ ಕೇಳುತ್ತೇವೆ.

ಅವರು ಮಾತು ಕೇಳಿದರು, ಚೆನ್ನಾಗಿಯೇ ಕೇಳಿದರು. ಬಾಬೆಲಿನ ಅರಮನೆಯ ಅವಶೇಷದಲ್ಲಿ ಸಿಕ್ಕ ಜೇಡಿಮಣ್ಣಿನ ಹಲಗೆಗಳಲ್ಲಿ ಯೆಹೋಯಾಖೀನನಿಗೂ ಅವನ ಐದು ಮಕ್ಕಳಿಗೂ ಎಣ್ಣೆ ಅಳೆದು ಕೊಟ್ಟ ಲೆಕ್ಕ ಇದೆ. ನಮ್ಮ ರೇಷನ್ ಕಾರ್ಡ್ ಇದ್ದ ಹಾಗೆ! ‘ಯೆಹೂದದ ಊರು’ ಅನ್ನುವ ಅರ್ಥದ ಹೆಸರಿನ ಒಂದು ಹಳ್ಳಿಯೇ ಅಲ್ಲಿತ್ತು. ಅಲ್ಲಿನ ಹಲಗೆಗಳಲ್ಲಿ ಯೆಹೂದ್ಯರು ಉಳುಮೆ ಮಾಡಿದ್ದು, ಸಾಲ ಪಡೆದಿದ್ದು, ತೆರಿಗೆ ಕಟ್ಟಿದ್ದು ಎಲ್ಲ ಬರೆದಿದೆ. ಎರಡು ತಲೆಮಾರಿನಲ್ಲಿ ಬಾಬೆಲ್ ಅವರಿಗೆ ಊರಾಗಿಬಿಟ್ಟಿತ್ತು.

ಆಮೇಲೆ 539ರಲ್ಲಿ ಪರ್ಷಿಯದ ಕೋರೆಷ ಬಾಬೆಲನ್ನು ಹಿಡಿದ. ಮರುವರ್ಷ ಹೋಗುವವರು ಹೋಗಬಹುದು ಅಂದ. ಅವನು ಮಣ್ಣಿನ ಉರುಳೆಯ ಮೇಲೆ ಬರೆಸಿದ ಶಾಸನ ಇವತ್ತು ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅದರಲ್ಲಿ ಯೆಹೂದ್ಯರ ಹೆಸರೇ ಇಲ್ಲ, ತನ್ನನ್ನು ಆರಿಸಿದ್ದು ಬಾಬೆಲಿನ ದೇವರು ಮರ್ದೂಕ ಅಂತ ಹೇಳಿಕೊಂಡಿದ್ದಾನೆ. ಯೆಶಾಯನ ಪುಸ್ತಕ ಅದೇ ಮನುಷ್ಯನನ್ನು ಕರ್ತನ ಅಭಿಷಿಕ್ತ ಅಂತ ಕರೆದು, ನೀನು ನನ್ನನ್ನು ಅರಿಯದಿದ್ದರೂ ಅಂತ ಒಂದು ಮಾತು ಸೇರಿಸುತ್ತದೆ. ನಮಗೆ ಬಾಗಿಲು ತೆರೆದವರು ನಮ್ಮವರೇ ಆಗಿರಬೇಕು ಅಂತ ಹಟ ಹಿಡಿಯುವವರು ಈ ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಓದಬೇಕು.

ಹೊರಟವರು 42,360 ಜನ, ಆಳುಗಳು 7,337. ಎಜ್ರನ ಎರಡನೇ ಅಧ್ಯಾಯ ಪಶುಗಳನ್ನೂ ಬಿಡದೆ ಎಣಿಸುತ್ತದೆ: ಕತ್ತೆ 6,720, ಒಂಟೆ ಬರೀ 435. ಕುದುರೆಯೂ ಸಾವಿರ ಮುಟ್ಟುವುದಿಲ್ಲ. ಕತ್ತೆಗಳ ಮೇಲೆ ಸಾಮಾನು ಹೇರಿ ಕಾಲ್ನಡಿಗೆಯಲ್ಲಿ ಹೊರಟ ಜನ ಕಣ್ಣಿಗೆ ಕಟ್ಟುತ್ತಾರೆ. ಮುಂದೆ ಎಜ್ರನಿಗೆ ಅದೇ ದಾರಿ ಸವೆಸಲು ನಾಲ್ಕು ತಿಂಗಳು ಹಿಡಿಯಿತು. ಮುಂದಾಳು ಜೆರುಬ್ಬಾಬೆಲ, ಎಣ್ಣೆ ರೇಷನ್ ಪಡೆದ ಆ ಯೆಹೋಯಾಖೀನನ ಮೊಮ್ಮಗ. ಬಹಳ ಜನ ಬರಲೇ ಇಲ್ಲ. ಅವರನ್ನು ಬಯ್ಯುವ ಪ್ರಸಂಗಗಳನ್ನೂ ಕೇಳಿದ್ದೇನೆ, ನನಗೆ ಒಪ್ಪಿಗೆಯಿಲ್ಲ. ಎಜ್ರ, ನೆಹೆಮೀಯ ಇಬ್ಬರೂ ಹಾಗೆ ಉಳಿದವರ ಮನೆಯಿಂದ ಬಂದವರೇ ತಾನೇ?

ಬಂದವರು ಮೊದಲು ಕಟ್ಟಿದ್ದು ಯಜ್ಞವೇದಿ. ಗೋಡೆ ಇಲ್ಲ, ಚಾವಣಿ ಇಲ್ಲ, ಬಯಲಿನಲ್ಲಿ. ಸುತ್ತಲಿನ ಜನರ ಭಯ ಇದ್ದುದರಿಂದ ಕಟ್ಟಿದರು ಅಂತ ಎಜ್ರ 3:3 ಹೇಳುತ್ತದೆ. ಭಯ ಹೋಗಲಿ, ಆಮೇಲೆ ಆರಾಧನೆ ಅಂತ ಕಾಯಲಿಲ್ಲ, ಆ ಒಂದು ಮಾತು ನನಗೆ ತುಂಬ ಇಷ್ಟ. ಮರುವರ್ಷ ದೇವಾಲಯದ ಪಾಯ ಬಿತ್ತು. ತುತ್ತೂರಿ ಊದಿದರು, ತಾಳ ಹಾಕಿದರು, ಹಾಡಿದರು. ಹಳೇ ದೇವಾಲಯ ನೋಡಿದ್ದ ಮುದುಕರು ಗಟ್ಟಿಯಾಗಿ ಅತ್ತರು. ಉಳಿದವರು ಖುಷಿಗೆ ಕೂಗಿದರು. ಅಳು ಯಾವುದು, ಕೂಗು ಯಾವುದು ಅಂತ ಗೊತ್ತಾಗಲಿಲ್ಲ, ಶಬ್ದ ಮಾತ್ರ ದೂರದವರೆಗೂ ಕೇಳಿಸಿತು.

ಅಷ್ಟೇ. ಕೆಲಸ ನಿಂತುಹೋಯಿತು.

ಯಾಕೆ ನಿಂತಿತು? ಎಜ್ರನ ಪುಸ್ತಕವನ್ನು ಕೇಳಿದರೆ ವಿರೋಧಿಗಳಿಂದ ಅನ್ನುತ್ತದೆ. ನೆರೆಯವರು ನಾವೂ ಕಟ್ಟುತ್ತೇವೆ ಅಂತ ಬಂದರು, ಜೆರುಬ್ಬಾಬೆಲ ಬೇಡ ಅಂದ, ಆಮೇಲೆ ಅವರು ಹೆದರಿಸಿದರು, ದುಡ್ಡು ಕೊಟ್ಟು ಆಸ್ಥಾನದಲ್ಲಿ ಅಡ್ಡಗಾಲು ಹಾಕಿಸಿದರು. ಈಗ ಅದೇ ಕಾಲದ ಪ್ರವಾದಿ ಹಗ್ಗಾಯನ ಪುಸ್ತಕ ತೆರೆಯಿರಿ. ಎರಡೇ ಅಧ್ಯಾಯ, 38 ವಚನ. ಆ 38ರಲ್ಲಿ ವಿರೋಧಿಗಳ ಸುದ್ದಿ ಎಲ್ಲೂ ಇಲ್ಲ! ನಾನು ಎರಡು ಸಲ ತಿರುಗಿಸಿ ನೋಡಿದೆ. ಹಗ್ಗಾಯ ಹೇಳುವುದು ಬೇರೆಯೇ: ಕಟ್ಟುವ ಕಾಲ ಇನ್ನೂ ಬಂದಿಲ್ಲ ಅನ್ನುತ್ತೀರಿ, ನೀವು ಮಾತ್ರ ಹಲಗೆ ಹೊದಿಸಿದ ಮನೆಗಳಲ್ಲಿ ವಾಸ ಮಾಡುವ ಕಾಲ ಬಂದಿದೆಯೋ? ಎರಡೂ ನಿಜ ಇರಬಹುದು. ಶುರುವಿನಲ್ಲಿ ಹೊರಗಿನವರು ನಿಲ್ಲಿಸಿದರು. ಆಮೇಲೆ ಅವರು ನಿಲ್ಲಿಸುವ ಅಗತ್ಯವೇ ಬರಲಿಲ್ಲ. ನೆಪ ಹಳೇದಾಗಿ ಅಭ್ಯಾಸ ಆಯಿತು, ಪಾಯದ ಕಲ್ಲುಗಳ ಸಂದಿಯಲ್ಲಿ ಹುಲ್ಲು ಬೆಳೆದಿರಬೇಕು, ಅದರ ಪಕ್ಕದಲ್ಲೇ ದಿನಾ ಓಡಾಡುವವರಿಗೆ ಅದು ಕಾಣುವುದೂ ನಿಂತಿರಬೇಕು.

ನನ್ನ ವಿಷಯ ಹೇಳುತ್ತೇನೆ. ಅಪ್ಪ ಇರುವಾಗ ನಮ್ಮ ಮನೆಯಲ್ಲಿ ರಾತ್ರಿ ಎಂಟಕ್ಕೆ ಕುಟುಂಬ ಪ್ರಾರ್ಥನೆ. ಚಾಪೆ ಹಾಸಬೇಕು, ಟಿವಿ ಆರಿಸಬೇಕು, ಬೈಂಡಿಂಗ್ ಕಿತ್ತು ದಾರದಲ್ಲಿ ಹೊಲಿದಿದ್ದ ಹಾಡಿನ ಪುಸ್ತಕ ಬರಬೇಕು. ಅಪ್ಪ ತೀರಿಕೊಂಡ ಮೇಲೆ ಅಮ್ಮನಿಗೆ ಕೂರಲು ಆಗುತ್ತಿರಲಿಲ್ಲ, ಹಾಡು ಶುರುವಾದರೆ ಅಳು ಬರುತ್ತಿತ್ತು. ಸ್ವಲ್ಪ ದಿನ ಬಿಡೋಣ ಅಂದೆ. ಅದು ನಿಜವಾದ ಕಾರಣ. ಆಮೇಲೆ ನನ್ನ ಶಿಫ್ಟ್ ಬದಲಾಯಿತು. ಆಮೇಲೆ ಮಗು ಹುಟ್ಟಿತು. ಆಮೇಲೆ ಕಾರಣವನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ, ಹೀಗೇ ಆರು ವರ್ಷ. ಈ ಮಧ್ಯೆ ಕಿಚನ್‌ಗೆ ಮಾಡ್ಯುಲರ್ ಕಪಾಟು ಹಾಕಿಸಿದೆ. ಹಗ್ಗಾಯನ ಹಲಗೆ ಹೊದಿಸಿದ ಮನೆ ಓದುವಾಗ ನಗು ಬಂತು, ಪ್ಲೈವುಡ್ ಅಷ್ಟೇ ವ್ಯತ್ಯಾಸ.

ಹಗ್ಗಾಯನದೇ ಇನ್ನೊಂದು ಮಾತು, ಕೂಲಿ ಸಂಪಾದಿಸಿ ತೂತಿನ ಚೀಲಕ್ಕೆ ಹಾಕುತ್ತೀರಿ ಅನ್ನುವುದು. 1ನೇ ತಾರೀಕು ಸಂಬಳ, 5ಕ್ಕೆ ಇಎಂಐ, ನಮಗೆ ಯಾರೂ ವಿವರಿಸಬೇಕಿಲ್ಲ. ಇದನ್ನೇ ಹಿಡಿದುಕೊಂಡು, ಕಾಣಿಕೆ ಜಾಸ್ತಿ ಹಾಕಿ, ಚೀಲದ ತೂತು ಮುಚ್ಚುತ್ತದೆ ಅಂತ ಹೇಳುವವರಿದ್ದಾರೆ. ಹಗ್ಗಾಯ ಆ ಜನಕ್ಕೆ ಹೇಳಿದ್ದು ಬೆಟ್ಟ ಹತ್ತಿ ಮರ ತನ್ನಿ ಅಂತ. ಕೈಕಾಲಿನ ಕೆಲಸ.

ಇನ್ನು ತಾರೀಕು ನೋಡಿ, ಹಗ್ಗಾಯ ಅದನ್ನು ಪಕ್ಕಾ ಬರೆದಿದ್ದಾನೆ. ಪರ್ಷಿಯದ ದಾರ್ಯಾವೆಷ ರಾಜನ ಎರಡನೇ ವರ್ಷ, ಅಂದರೆ ಕ್ರಿ.ಪೂ. 520, ಆರನೇ ತಿಂಗಳ 1ನೇ ದಿನ ಮಾತಾಡಿದ. ಅದೇ ತಿಂಗಳ 24ಕ್ಕೆ ಜನ ಕೆಲಸಕ್ಕೆ ಇಳಿದರು. 16 ವರ್ಷ ನಿಂತಿದ್ದು 23 ದಿನದಲ್ಲಿ ಶುರುವಾಯಿತು. ಹೊಸ ಪರವಾನಗಿ ಬಂದಿರಲಿಲ್ಲ. ಅಧಿಪತಿ ತತ್ತೆನೈ ಬಂದು ನಿಮಗೆ ಅಪ್ಪಣೆ ಕೊಟ್ಟವರು ಯಾರು ಅಂತ ಕೇಳಿದ, ಅವರು ಕೋರೆಷನ ಹೆಸರು ಹೇಳಿ ಕಟ್ಟುತ್ತಲೇ ಇದ್ದರು, ಆಮೇಲೆ ಹಳೇ ಅಪ್ಪಣೆಯ ಪ್ರತಿ ಎಕ್ಬತಾನದ ಕೋಟೆಯಲ್ಲಿ ಸಿಕ್ಕಿತು. 515ರಲ್ಲಿ ದೇವಾಲಯ ಮುಗಿಯಿತು.

ಆದರೆ ಆ 23 ದಿನಕ್ಕಿಂತ ನನ್ನನ್ನು ತಡೆದು ನಿಲ್ಲಿಸುವುದು ಮುಂದಿನ ತಿಂಗಳು. ಕೆಲಸ ಶುರುವಾಗಿ ನಾಲ್ಕು ವಾರವೂ ಆಗಿಲ್ಲ, ಹಗ್ಗಾಯ ಮತ್ತೆ ಬಂದು ಕೇಳುತ್ತಾನೆ: ಇದರ ಹಳೇ ವೈಭವ ನೋಡಿದವರು ನಿಮ್ಮಲ್ಲಿ ಯಾರಾದರೂ ಉಳಿದಿದ್ದೀರಾ? ಈಗ ಇದು ನಿಮ್ಮ ಕಣ್ಣಿಗೆ ಏನೂ ಅಲ್ಲದ ಹಾಗೆ ಕಾಣುತ್ತದೆ ಅಲ್ಲವೇ? ಅದು ಏನೂ ಅಲ್ಲ ಅನ್ನುವುದನ್ನು ಅವನು ಮುಚ್ಚಿಡುವುದಿಲ್ಲ. ಸೊಲೊಮೋನನದಕ್ಕೆ ಹೋಲಿಸಿದರೆ ಚಿಕ್ಕದೇ, ಹೌದು. ಒಪ್ಪಿಕೊಂಡು, ಆಮೇಲೆ ಹೇಳುತ್ತಾನೆ, ಧೈರ್ಯವಾಗಿರಿ, ಕೆಲಸ ಮಾಡಿ, ನಾನು ನಿಮ್ಮ ಸಂಗಡ ಇದ್ದೇನೆ ಅಂತ ಕರ್ತನು ಅನ್ನುತ್ತಿದ್ದಾನೆ. ನಾವು ಸಾಮಾನ್ಯವಾಗಿ ಮಾಡುವುದು ಉಲ್ಟಾ. ಹೊಸದು ಚಿಕ್ಕದಾಗಿ ಕಂಡರೆ ಹಿರಿಯರ ಬಾಯಿ ಮುಚ್ಚಿಸುತ್ತೇವೆ, ಇಲ್ಲಾಂದರೆ ಅವರ ಮಾತು ಕೇಳಿ ನಾವೇ ಬಿಟ್ಟುಬಿಡುತ್ತೇವೆ.

ಮುಂದಿನದು ಸಲೀಸಾಗಿ ಸಾಗಿತು ಅಂದುಕೊಳ್ಳಬೇಡಿ. ಎಜ್ರನ ಕೊನೆಯಲ್ಲಿ ಅನ್ಯ ಜನಾಂಗದ ಹೆಂಡತಿಯರನ್ನು ಮಕ್ಕಳ ಸಮೇತ ಕಳಿಸಿಬಿಡುವ ಅಧ್ಯಾಯ ಇದೆ, ನನಗೆ ಅದನ್ನು ಅರಗಿಸಿಕೊಳ್ಳಲು ಇವತ್ತಿಗೂ ಆಗಿಲ್ಲ. ಗೋಡೆ ಕಟ್ಟುವಾಗಲೂ ತೆಕೋವ ಊರಿನ ದೊಡ್ಡ ಮನುಷ್ಯರು ಹೆಗಲು ಕೊಡಲಿಲ್ಲ, ಶಲ್ಲೂಮನ ಹೆಣ್ಣುಮಕ್ಕಳು ಮಾತ್ರ ಅಪ್ಪನ ಜೊತೆ ಕಲ್ಲು ಎತ್ತಿದರು. ನೆಹೆಮೀಯ ಒಂದು ಸಲ ರಾಜನ ಹತ್ತಿರ ಹೋಗಿ ವಾಪಸ್ ಬರುವಷ್ಟರಲ್ಲಿ ದೇವಾಲಯದ ಉಗ್ರಾಣದ ಕೋಣೆ, ಗೋಡೆ ಕೆಲಸಕ್ಕೆ ಅಡ್ಡಿ ಮಾಡಿದ್ದ ತೋಬೀಯನ ಬಿಡಾರ ಆಗಿತ್ತು. ಅವನ ಸಾಮಾನನ್ನೆಲ್ಲ ಹೊರಗೆ ಎಸೆದ. ನೆಹೆಮೀಯನ ಪುಸ್ತಕ ಮುಗಿಯುವುದೂ ಹಾಗೇ, ಒಂದೊಂದನ್ನೇ ಮತ್ತೆ ಸರಿ ಮಾಡುತ್ತಾ.

ಹೋದ ವಾರ ರಾತ್ರಿ ಚಾಪೆ ಹಾಸಿದೆ. ಹಾಡಿನ ಪುಸ್ತಕ ಅಟ್ಟದ ಮೇಲಿತ್ತು, ದಾರ ಪೂರ್ತಿ ಬಿಚ್ಚಿಕೊಂಡಿತ್ತು, ಹಾಳೆ ಜೋಡಿಸಲು ಹತ್ತು ನಿಮಿಷ. ನಾನು ಒಂದು ಕೀರ್ತನೆ ಓದಿದೆ. ಮಧ್ಯೆ ಫೋನ್ ಬಂತು. ಮಗಳು ಪ್ರಾರ್ಥನೆ ಮುಗಿಯುವ ಮೊದಲೇ ನಿದ್ದೆ ಹೋದಳು. ಎಲ್ಲ ಸೇರಿ ಕಾಲು ಗಂಟೆಯೂ ಆಗಲಿಲ್ಲ. ಅಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು, ಅಪ್ಪ ಇರುವಾಗ ಹೀಗಿರಲಿಲ್ಲ ಅಂದರು. ಹೌದಮ್ಮ, ಇರಲಿಲ್ಲ ಅಂದೆ. ಸ್ವಲ್ಪ ಹೊತ್ತು ಬಿಟ್ಟು, ಎರಡನೇ ಚರಣದ ರಾಗವನ್ನೇ ತಪ್ಪಾಗಿ ಹಾಡಿದೆ ನೀನು ಅಂದರು.

ಹಾಗಾದರೆ ನಾಳೆ ನೀವೇ ಎತ್ತಿಕೊಡಿ ಅಂದೆ.