ಏಳನೇ ತೂತು

ನಮ್ಮ ಬಚ್ಚಲುಮನೆಯ ಟವೆಲ್ ರಾಡಿನ ಕೆಳಗೆ ದಿನಾ ಬೆಳಿಗ್ಗೆ ಒಂದು ಚಿಟಿಕೆ ಬಿಳಿ ಪುಡಿ ಬಿದ್ದಿರುತ್ತಿತ್ತಂತೆ. ಹಲ್ಲಿ ಏನೋ ಕೆದಕುತ್ತಿದೆ ಅಂದುಕೊಂಡು ಅಮ್ಮ ವಾರಗಟ್ಟಲೆ ಅದನ್ನು ಗುಡಿಸಿ ಹಾಕಿದ್ದಾಳೆ. ಸಂಕ್ರಾಂತಿಗೆ ಮೈಸೂರಿಗೆ ಹೋದವಳು ಟವೆಲ್ ಎಳೆದುಕೊಂಡೆ, ರಾಡೂ ಜೊತೆಗೇ ಬಂತು. ಸ್ಕ್ರೂ ತೂತಿನೊಳಗೆ ಲೊಡಲೊಡ ಅನ್ನುತ್ತಿತ್ತು. ಟವೆಲ್ ಭಾರಕ್ಕೆ ಹೀಗಾಗೋಲ್ಲ ಅಲ್ವಾ? ಕಮೋಡಿನಿಂದ ಏಳುವಾಗ ಅಪ್ಪ ಅದನ್ನೇ ಹಿಡಿದು ಏಳುತ್ತಿದ್ದರು.

ಕೇಳಿದರೆ, "ಯಾರು ಹೇಳಿದ್ದು? ಅದು ಮೊದಲಿಂದಲೂ ಸಡಿಲ" ಅಂದರು. ಅಪ್ಪನಿಗೆ 77 ವರ್ಷ. ಗೋಡೆಗೆ ಹಿಡಿ ಹಾಕಿಸೋಣ ಅಂದಿದ್ದಕ್ಕೆ, "ಮನೇನ ಆಸ್ಪತ್ರೆ ಮಾಡಬೇಡಿ" ಅಂತ ಪೇಪರ್ ಎತ್ತಿಕೊಂಡರು.

ನಾನು ಮೊದಲು ಮಾಡಿದ್ದು ದಡ್ಡ ಕೆಲಸ. ತೂತು ಕೊರೆಯುವ ರಗಳೆಯೇ ಬೇಡ ಅಂತ ಆನ್‌ಲೈನ್‌ನಲ್ಲಿ 399 ರೂಪಾಯಿ ಕೊಟ್ಟು, ಗಾಳಿ ಹೀರಿ ಟೈಲಿಗೆ ಅಂಟಿಕೊಳ್ಳುವ ರಬ್ಬರ್ ಬಟ್ಟಲಿನ ಹಿಡಿ ತರಿಸಿದೆ. ಅಂಟಿಸಿದ ಮೂರನೇ ರಾತ್ರಿ ಬಚ್ಚಲಲ್ಲಿ ಧಡ್ ಅಂತ ಸದ್ದು. ಎಲ್ಲರೂ ಎದ್ದು ಓಡಿದೆವು. ಅಪ್ಪ ಹಾಸಿಗೆಯಲ್ಲೇ ಇದ್ದರು, ಬಿದ್ದಿದ್ದು ಹಿಡಿ. ಯಾರೂ ಮುಟ್ಟಿರಲೇ ಇಲ್ಲ. ಹಿಡಿದುಕೊಂಡಾಗ ಬಿದ್ದಿದ್ದರೆ?

ಬೆಂಗಳೂರಿಗೆ ವಾಪಸ್ ಬಂದು ಒಂದು ಶನಿವಾರ, ಸ್ಕ್ರೂ ಹಾಕಿ ಕೂರಿಸುವ ಕಂಬಿ ತರೋಣ ಅಂತ, ಹಾರ್ಡ್‌ವೇರ್ ಅಂಗಡಿಗಳಿರುವ ಎಸ್.ಜೆ.ಪಿ. ರಸ್ತೆಗೆ ಹೋದೆ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ 202 ಅಂತ ಒಂದು ಬಗೆ, 304 ಅಂತ ಒಂದು ಬಗೆ. ನೋಡಲು ಎರಡೂ ಅಕ್ಕತಂಗಿಯರು, ಬೆಲೆ ಮಾತ್ರ ಅರ್ಧಕ್ಕರ್ಧ ವ್ಯತ್ಯಾಸ. 202ರಲ್ಲಿ ನಿಕ್ಕಲ್ ಕಡಿಮೆ, ಅದರ ಬದಲು ಮ್ಯಾಂಗನೀಸ್ ಜಾಸ್ತಿ ಹಾಕಿರುತ್ತಾರೆ. ಸದಾ ಒದ್ದೆ ಇರುವ ಕಡೆ ಅದಕ್ಕೆ ಬೇಗ ತುಕ್ಕು. ಒಳ್ಳೇ ಸ್ಟೀಲಿಗೆ ಮ್ಯಾಗ್ನೆಟ್ ಹಿಡಿಯಲ್ಲ ಅಂದುಕೊಂಡು, ಮೋಸ ಹೋಗಬಾರದು ಅಂತ ಫ್ರಿಜ್ ಮೇಲಿನ ಮ್ಯಾಗ್ನೆಟ್ ಬ್ಯಾಗಲ್ಲಿ ಹಾಕಿಕೊಂಡೇ ಹೋಗಿದ್ದೆ. ಅಂಗಡಿಯ ಹುಡುಗ ನಕ್ಕುಬಿಟ್ಟ. "ಮೇಡಂ, 202ಗೂ ಮ್ಯಾಗ್ನೆಟ್ ಹಿಡಿಯಲ್ಲ. ಬಿಲ್ ಮೇಲೆ 304 ಅಂತ ಬರೆಸಿಕೊಳ್ಳಿ, ಅಷ್ಟೇ."

ಬರೆಸಿಕೊಂಡೆ. ಎರಡಡಿಯದು 1,150, ಒಂದೂವರೆ ಅಡಿಯದು 850. ಬೇಡದಿದ್ದಾಗ ಮೇಲಕ್ಕೆ ಮಡಚಿಡುವಂಥದೂ ಇತ್ತು, 3,200. ಅದನ್ನು ಎತ್ತಿ ನೋಡಿ ಅಲ್ಲೇ ಇಟ್ಟೆ. ಪೇಪರಿನಲ್ಲಿ ಸುತ್ತಿದ ಎರಡು ಕಂಬಿ ಹೆಗಲ ಮೇಲಿಟ್ಟುಕೊಂಡು ಮೈಸೂರು ರೈಲು ಹತ್ತಿದಾಗ ಪಕ್ಕದ ಸೀಟಿನವರು ಸ್ವಲ್ಪ ಸರಿದೇ ಕೂತರು.

ಎಷ್ಟು ಎತ್ತರಕ್ಕೆ ಹಾಕಬೇಕು ಅನ್ನುವುದಕ್ಕೆ ಅಕ್ಕ ನ್ಯೂಜೆರ್ಸಿಯಿಂದ ಅಲ್ಲಿನ ನಿಯಮ ಕಳಿಸಿದ್ದಳು. ನೆಲದಿಂದ 33ರಿಂದ 36 ಇಂಚು, ಗೋಡೆಗೂ ಕಂಬಿಗೂ ನಡುವೆ ಒಂದೂವರೆ ಇಂಚು ಸಂದು. ಸಂದು ಅದಕ್ಕಿಂತ ದೊಡ್ಡದಾದರೆ ಜಾರಿದಾಗ ಮುಂಗೈ ಒಳಗೆ ಸಿಕ್ಕಿಕೊಳ್ಳುತ್ತದಂತೆ. ಆದರೆ ನಮ್ಮಪ್ಪನ ಎತ್ತರ ಐದಡಿ ಮೂರಿಂಚು. ಪಂಚೆ ಉಟ್ಟುಕೊಂಡೇ, ಮುಖ ಗಂಟಿಕ್ಕಿಕೊಂಡು, ಮುಚ್ಚಿದ ಕಮೋಡಿನ ಮೇಲೆ ಕೂತರು. 33ರಲ್ಲಿ ಕಂಬಿ ಹಿಡಿದರೆ ಭುಜ ಕಿವಿಗೆ ಹೋಗುತ್ತಿತ್ತು. 30 ಸರಿಹೋಯಿತು. ಟೈಲ್ ಮೇಲೆ ಪೆನ್ಸಿಲ್ ಗುರುತು ನಿಲ್ಲಲಿಲ್ಲ. ಅಮ್ಮ ಕನ್ನಡಿಗೆ ಅಂಟಿಸಿಟ್ಟಿದ್ದ ಕೆಂಪು ಸ್ಟಿಕರ್ ಬೊಟ್ಟು ಕಿತ್ತು ತಂದು ಗೋಡೆಗೆ ಅಂಟಿಸಿದಳು. ಕಮೋಡಿನ ಪಕ್ಕದ ಕಂಬಿಗೆ ಎರಡು, ನಲ್ಲಿಯ ಹತ್ತಿರದ್ದಕ್ಕೆ ಒಂದರ ಮೇಲೊಂದು ಎರಡು. ಅಪ್ಪ ಸ್ಟೂಲಿನ ಮೇಲೆ ಕೂತು ಬಕೆಟ್ ಸ್ನಾನ ಮಾಡುವುದು ಆ ನಲ್ಲಿ ಮುಂದೆ.

ಈ ನಲ್ಲಿ ಪಕ್ಕದ ಬೊಟ್ಟು ನೋಡಿಯೇ ಅಪ್ಪ, "ಅಲ್ಲಿ ಬೇಡ" ಅಂದರು. ಶುರುವಾಯ್ತು ಇವರದು, ಏನಾದರೊಂದು ನೆಪ ತೆಗೀತಾರೆ, ಅಂದುಕೊಂಡು ನಾನು ಕಿವಿಗೇ ಹಾಕಿಕೊಳ್ಳಲಿಲ್ಲ.

ಪ್ಲಂಬರ್ ಹತ್ತು ಗಂಟೆಗೆ ಬಂದರು. ಒಂದು ತೂತಿಗೆ 50 ರೂಪಾಯಿ ಅಂತ ಮಾತಾಯಿತು. ಕಂಬಿಯ ಒಂದೊಂದು ತುದಿಗೆ ಮೂರು ಸ್ಕ್ರೂ, ಎರಡು ಕಂಬಿಗೆ 12 ತೂತು, 600 ರೂಪಾಯಿ. ಕೆಲಸ ಗೊತ್ತಿರುವ ಮನುಷ್ಯ. ಬಿಟ್ ಜಾರದಂತೆ ಟೈಲಿಗೆ ಟೇಪ್ ಅಂಟಿಸಿದರು. ಟೈಲ್ ದಾಟುವವರೆಗೂ ಡ್ರಿಲ್ಲಿನ ಹ್ಯಾಮರ್, ಅಂದರೆ ಬಡಿಯುತ್ತಾ ಕೊರೆಯುವ ಗುಂಡಿ, ಹಾಕಲಿಲ್ಲ. ಇಟ್ಟಿಗೆ ಸಿಕ್ಕ ಮೇಲೆ ಹಾಕಿ ಗುರ್‌ರ್ ಅನ್ನಿಸಿದರು. ಬಿಳಿ ಪುಡಿ ಹೋಗಿ ಕೆಂಪು ಪುಡಿ ಬಂತು. ಮೊದಲ ಕಂಬಿ ಕೂತಿತು. ಗೋಡೆಗೆ ಒಂದು ಕಾಲು ಕೊಟ್ಟು ಅವರೇ ಜೋತಾಡಿ ತೋರಿಸಿದರು. ಅಲುಗಲಿಲ್ಲ.

ಎರಡನೇ ಕಂಬಿಯ ಕೆಳಗಿನ ಬೊಟ್ಟು ಕಿತ್ತು ಏಳನೇ ತೂತು ಶುರು ಮಾಡಿದರು. ಬಾಗಿಲ ಬಳಿ ನಿಂತಿದ್ದ ಅಪ್ಪ ಮತ್ತೆ, "ಅಲ್ಲಿ ಬೇಡ ಕಣಪ್ಪಾ" ಅಂದರು.

"ಪೈಪು ನಲ್ಲಿಯಿಂದ ನೆಟ್ಟಗೆ ಮೇಲಕ್ಕೆ ಹೋಗುತ್ತೆ ಯಜಮಾನ್ರೇ, ನಾವು ಬಲಗಡೆ ಇದ್ದೀವಲ್ಲ."

ಅಪ್ಪ ಉತ್ತರ ಕೊಡುವ ಮೊದಲೇ ಗೋಡೆ ಕೊಟ್ಟಿತು. ಬಿಸಿನೀರಿನ ಪೈಪಿನ ನೀರು ಸೀದಾ ಪ್ಲಂಬರ್ ಎದೆಗೆ ಚಿಮ್ಮಿತು. ಪುಣ್ಯಕ್ಕೆ ಗೀಸರ್ ಆಫ್ ಮಾಡಿ ಒಂದು ಗಂಟೆ ಆಗಿತ್ತು, ಸುಡಲಿಲ್ಲ. ಅಮ್ಮ ಬಕೆಟ್ ಅಂದಳು, ನಾನು ಮೆಟ್ಟಿಲು ಹತ್ತಿ ಟ್ಯಾಂಕಿನ ನೀರು ನಿಲ್ಲಿಸುವ ಗೇಟ್ ವಾಲ್ವ್ ಹತ್ತಿರ ಓಡಿದೆ. ಅದು ತಿರುಗಲಿಲ್ಲ. ಎಷ್ಟು ವರ್ಷದಿಂದ ಮುಟ್ಟಿರಲಿಲ್ಲವೋ ಏನೋ. ಕೊನೆಗೆ ಪ್ಲಂಬರೇ ಬಂದು ರೆಂಚ್ ಹಾಕಿ ತಿರುಗಿಸಿದರು.

ನಾನು ಇಳಿದು ಬಂದಾಗ ಅಪ್ಪ ಒದ್ದೆ ನೆಲದಾಚೆ ಕುರ್ಚಿ ಹಾಕಿಕೊಂಡು ಕೂತಿದ್ದರು. 2011ರಲ್ಲಿ ಹಳೇ ಕಬ್ಬಿಣದ ಪೈಪು ತೆಗೆಸಿ ಸಿಪಿವಿಸಿ ಅನ್ನುವ ಪ್ಲಾಸ್ಟಿಕ್ ಪೈಪು ಹಾಕಿಸಿದಾಗ ಪಕ್ಕದಲ್ಲೇ ನಿಂತು ನೋಡಿದವರು ಅವರು. "ನಲ್ಲಿ ಮೇಲೆ ಒಂದು ಗೇಣು ಬಿಟ್ಟು ಬಲಕ್ಕೆ ತಿರುಗುತ್ತೆ. ಅಲ್ಲಿಂದ ಅಡ್ಡಕ್ಕೆ ಗೀಸರಿಗೆ. ಅಲ್ಲಿ ಕಲ್ಲು ಬಂತು ಅಂತ ಆವತ್ತಿನ ಪ್ಲಂಬರ್ ತಿರುಗಿಸಿದ್ದ." ಇದನ್ನು ಮೊದಲೇ ಹೇಳಬಾರದಿತ್ತಾ ಅಂತ ನಾನು ಬಾಯಿ ತೆರೆದೆ, ಹಾಗೇ ಮುಚ್ಚಿಕೊಂಡೆ.

ಟೈಲ್ ಒಡೆದು ಪೈಪ್ ತುಂಡು ಮಾಡಿ ಜೋಡಿಸಿದ್ದಾಯಿತು. ಸಾಮಾನಿಗೆ 350, ಜಾಸ್ತಿ ಕೂಲಿ 1,200. ನೀಲಿ ಹೂವಿನ ಹಳೇ ಟೈಲ್ ಎಲ್ಲೂ ಸಿಗಲಿಲ್ಲ. ಬೇಕಿದ್ದು ಒಂದೇ ಬಿಳಿ ಟೈಲ್, ಅಂಗಡಿಯವರು ಬಾಕ್ಸ್ ಒಡೆಯಲ್ಲ ಅಂದರು, 640. ಮಿಕ್ಕಿದ್ದು ಮಂಚದ ಕೆಳಗಿವೆ. ಕಂಬಿ ಎರಡಕ್ಕೆ 2,000, ಸ್ಕ್ರೂ ಪ್ಲಗ್ಗಿಗೆ 180, ತೂತಿಗೆ 600. ಹಾಳಾದ ಆ ಏಳನೇ ತೂತನ್ನು ಪ್ಲಂಬರ್ ಈ ಹನ್ನೆರಡರ ಲೆಕ್ಕಕ್ಕೆ ಸೇರಿಸಲಿಲ್ಲ, ಅದರ ದುಡ್ಡು ತೆಗೆದುಕೊಳ್ಳಲೂ ಇಲ್ಲ. ಹಾಳಾಗಿದ್ದಕ್ಕೆ ನಾನು ಚೌಕಾಸಿ ಮಾಡಲೂ ಹೋಗಲಿಲ್ಲ, ಗುರುತು ಹಾಕಿಕೊಟ್ಟಿದ್ದು ನಾವೇ ತಾನೆ. ಮೊದಲ 399 ಸೇರಿದರೆ 5,369. ಎಷ್ಟಾಯ್ತು ಅಂತ ಅಕ್ಕ ಫೋನಲ್ಲಿ ಕೇಳಿದಾಗ, ಕಂಬಿಗೆ ಎರಡು ಸಾವಿರ ಅಂದೆ. ಸುಳ್ಳಲ್ಲವಲ್ಲ.

ಎರಡನೇ ಕಂಬಿ ಅಪ್ಪ ತೋರಿಸಿದ ಕಡೆ, ನಲ್ಲಿಯ ಎಡಕ್ಕೆ, ಕೂತಿದೆ. ಅವರು ಅದನ್ನು ಹಿಡಿದು ಏಳುವುದನ್ನು ಯಾರೂ ನೋಡಿಲ್ಲ. ಟವೆಲ್ ರಾಡಿನ ಕೆಳಗೆ ಪುಡಿ ಬೀಳುವುದು ನಿಂತಿದೆ ಅಂತ ಅಮ್ಮ ಹೇಳಿದಳು.

ಕಳೆದ ವಾರ ಹೋದಾಗ ಬೀರುವಿನ ಬಾಗಿಲ ಒಳಗೆ ಹಳೇ ಕ್ಯಾಲೆಂಡರ್ ಹಾಳೆಯೊಂದು ಅಂಟಿತ್ತು. ಅದರ ಬೆನ್ನ ಮೇಲೆ ಎರಡು ಬಚ್ಚಲು, ಅಡುಗೆಮನೆ, ಮೇಲಿನ ಟ್ಯಾಂಕು. ಬಿಸಿನೀರಿಗೆ ಕೆಂಪು ಗೆರೆ, ತಣ್ಣೀರಿಗೆ ನೀಲಿ. ನಲ್ಲಿ ಮೇಲೆ ಗೆರೆ ಬಲಕ್ಕೆ ತಿರುಗುವಲ್ಲಿ ಅಮ್ಮನ ಬೊಟ್ಟು ಅಂಟಿಸಿದ್ದಾರೆ.