ಹಳೇ ಕಾರಿನೊಳಗೆ ನೀರು: ಸೀಲೆಂಟ್ ಹಚ್ಚುವ ಮೊದಲು ಏನೇನು ನೋಡಬೇಕು

ನಾನು ಹಳೇ ಕಾರುಗಳನ್ನು ರಿಸ್ಟೋರ್ ಮಾಡುವ ಗ್ಯಾರೇಜಿನಲ್ಲಿ ಬಾಡಿ ಕೆಲಸ ಮಾಡುತ್ತೇನೆ. ಟಿಂಕರಿಂಗ್, ಪೇಂಟಿಂಗ್, ಗ್ಲಾಸ್ ಕೂರಿಸುವುದು ಎಲ್ಲವೂ ಇದೆ. ಆದರೆ ಅತಿ ಹೆಚ್ಚು ತಾಳ್ಮೆ ಬೇಡುವ ಕೆಲಸ ಮಳೆ ನೀರಿನ ಸೋರಿಕೆ ಹುಡುಕುವುದು. ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ, ಚೆನ್ನಾಗಿ ಓಡುತ್ತದೆ, ಪೇಂಟ್ ಹೊಳೆಯುತ್ತದೆ. ಆದರೆ ಮಳೆ ಬಂದ ಮಾರನೇ ದಿನ ಕಾಲಿಡುವ ಜಾಗದಲ್ಲಿ ಕಾರ್ಪೆಟ್ ಒತ್ತಿದರೆ ನೀರು ಉಕ್ಕುತ್ತದೆ.

ಮಾಲೀಕರು ಸಾಮಾನ್ಯವಾಗಿ ಹೇಳುವುದು ಹೀಗೆ: "ಮುಂದಿನ ಗ್ಲಾಸ್ ಹತ್ತಿರ ಸೋರ್ತಾ ಇದೆ, ಸ್ವಲ್ಪ ಸಿಲಿಕೋನ್ ಹಾಕಿಬಿಡಿ." ನಾನು ಹಾಕುವುದಿಲ್ಲ. ಒದ್ದೆ ಕಾಣುವ ಜಾಗದಲ್ಲಿ ನೀರು ನಿಂತಿರುತ್ತದೆ, ಅಷ್ಟೇ. ಒಳಗೆ ಬಂದದ್ದು ಬೇರೆಲ್ಲಿಂದಲೋ. ನೀರು ವೈರಿಂಗ್ ಕಟ್ಟಿನ ಮೇಲೆ ಹರಿಯುತ್ತದೆ, ತಗಡಿನ ಮಡಿಕೆ ಹಿಡಿದು ಹೋಗುತ್ತದೆ, ಛಾವಣಿ ಹೊರುವ ಪಿಲ್ಲರ್ ಒಳಗೆ ಇಳಿಯುತ್ತದೆ. ಹಿಂದಿನ ಸೀಟಿನ ಕೆಳಗೆ ನಿಂತ ನೀರು ಡ್ಯಾಶ್‌ಬೋರ್ಡ್ ಹಿಂದಿನಿಂದ ಹೊರಟಿರಬಹುದು. ಕಾರು ನಿಲ್ಲಿಸಿದ ನೆಲ ಸ್ವಲ್ಪ ಇಳಿಜಾರಾಗಿದ್ದರೂ ಸಾಕು, ಒದ್ದೆಯಾಗುವ ಜಾಗ ಬದಲಾಗುತ್ತದೆ. ಅದಕ್ಕೇ ನಾನು ಮಾಲೀಕರನ್ನು ಮೊದಲು ಕೇಳುವುದು ಕಾರನ್ನು ಹೇಗೆ ನಿಲ್ಲಿಸುತ್ತೀರಿ, ಯಾವ ಕಡೆ ವಾಲಿರುತ್ತದೆ ಎಂದು. ನಿಂತಾಗ ಸೋರುತ್ತದೋ, ಓಡಿಸುವಾಗ ಸೋರುತ್ತದೋ ಎನ್ನುವುದು ಎರಡನೇ ಪ್ರಶ್ನೆ. ಈ ಎರಡಕ್ಕೆ ಸರಿಯಾದ ಉತ್ತರ ಸಿಕ್ಕರೆ ಹುಡುಕಾಟ ಬಹಳ ಕಮ್ಮಿಯಾಗುತ್ತದೆ.

ಆಮೇಲೆ, ಅದು ನೀರೇನಾ ಅಂತ ನೋಡಬೇಕು. ಬಿಳಿ ಟಿಶ್ಯೂ ಒತ್ತಿ ನೋಡಿ, ಬೆರಳಲ್ಲಿ ಉಜ್ಜಿ ನೋಡಿ. ಅಂಟಂಟಾಗಿದ್ದು, ಸಿಹಿ ವಾಸನೆ ಬಂದು, ಗ್ಲಾಸಿನ ಒಳಗಡೆ ಎಣ್ಣೆಯಂಥ ಪೊರೆ ಕೂತಿದ್ದರೆ ಅದು ಮಳೆ ನೀರಲ್ಲ, ಹೀಟರ್ ಕೋರ್‌ನಿಂದ (ಕಾರಿನೊಳಗೆ ಬಿಸಿ ಗಾಳಿ ಕೊಡುವ ಸಣ್ಣ ರೇಡಿಯೇಟರ್) ಬರುತ್ತಿರುವ ಕೂಲಂಟ್, ಅಂದರೆ ಎಂಜಿನ್ ತಣ್ಣಗಿಡುವ ದ್ರವ. ನಾಲಿಗೆಗೆ ಮಾತ್ರ ತಾಗಿಸಬೇಡಿ. ಕೂಲಂಟ್‌ನಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ. ಡ್ರೈವರ್ ಕಡೆ ಪೆಡಲ್ ಕೆಳಗೆ ಜಾರುವ ದ್ರವ ಇದ್ದು, ಅಲ್ಲಿನ ಪೇಂಟ್ ಮೆತ್ತಗಾಗಿ ಏಳುತ್ತಿದ್ದರೆ ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿನ ಹಿಂದಿನ ಸೀಲ್ ಹೋಗಿ ಬ್ರೇಕ್ ಆಯಿಲ್ ಒಳಗೆ ಬರುತ್ತಿದೆ ಎಂದರ್ಥ. ಅಂಥ ಕಾರನ್ನು ಓಡಿಸಲೇಬಾರದು.

ಮಳೆ ನೀರೇ ಅಂತ ಖಾತ್ರಿಯಾದರೆ ಸೀಟು, ಕಾರ್ಪೆಟ್, ಅದರ ಅಡಿಯ ಫೆಲ್ಟ್, ಬದಿಯ ಟ್ರಿಮ್ ಎಲ್ಲ ಬಿಚ್ಚಬೇಕು. ಇದನ್ನು ತಪ್ಪಿಸಲು ಎಲ್ಲರಿಗೂ ಮನಸ್ಸಾಗುತ್ತದೆ. ಆದರೆ ಫೆಲ್ಟ್ ನೀರು ಹೀರಿಕೊಂಡರೆ ವಾರಗಟ್ಟಲೆ ಬಿಡುವುದಿಲ್ಲ. ಮೇಲೆ ಒಣಗಿದಂತೆ ಕಂಡರೂ ಅಡಿಯಲ್ಲಿ ತಗಡು ಒದ್ದೆಯಾಗೇ ಇರುತ್ತದೆ, ಒಳಗಿನಿಂದಲೇ ತುಕ್ಕು ತಿನ್ನುತ್ತದೆ. ಎಷ್ಟೋ ಕಾರುಗಳ ಫ್ಲೋರ್ ಕೆಳಗಿನಿಂದಲ್ಲ, ಮೇಲಿನಿಂದ ಕೊಳೆತಿರುತ್ತದೆ. ಅಲ್ಲದೆ ಫ್ಲೋರ್ ಪೂರ್ತಿ ಒಣಗದೆ ಹೊಸ ಹನಿ ಯಾವುದು, ಹಳೇ ಒದ್ದೆ ಯಾವುದು ಅಂತ ಗೊತ್ತೇ ಆಗುವುದಿಲ್ಲ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಹಳೇ ಕಾರನ್ನು ನೀರು ಒಳಗೆ ಬಾರದಂತೆ ಕಟ್ಟಿರಲಿಲ್ಲ. ನೀರು ಒಳಗೆ ಬಂದು ಹೊರಗೆ ಹೋಗುವಂತೆ ಕಟ್ಟಿದ್ದರು. ಬಾಗಿಲಿನ ಗ್ಲಾಸ್ ಪಕ್ಕದಲ್ಲಿ ಇಳಿಯುವ ನೀರು ಬಾಗಿಲಿನ ಒಳಗೇ ಹೋಗುತ್ತದೆ. ಹೋಗಲೇಬೇಕು, ಅದಕ್ಕೇ ಬಾಗಿಲಿನ ಅಡಿಯಲ್ಲಿ ತೂತುಗಳಿವೆ. ವೈಪರ್ ಕೆಳಗಿನ ಜಾಲರಿಯಲ್ಲಿ ಗಾಳಿಯ ಜೊತೆ ಮಳೆಯೂ ಒಳಗಿಳಿಯುತ್ತದೆ, ಅಲ್ಲಿಂದ ಡ್ರೈನ್ ಮೂಲಕ ನೆಲಕ್ಕೆ ಹೋಗುತ್ತದೆ. ಸನ್‌ರೂಫ್ ಸುತ್ತ ಕಾಲುವೆ ಇದೆ, ಅದರ ಮೂಲೆಗಳಿಂದ ಪೈಪುಗಳು ಇಳಿಯುತ್ತವೆ. ನನ್ನ ಕೈಗೆ ಬರುವ ಸೋರಿಕೆಗಳಲ್ಲಿ ಬಹುಪಾಲು ಸೀಲ್ ಹೋದದ್ದಲ್ಲ, ಹೊರಹೋಗುವ ದಾರಿ ಮುಚ್ಚಿದ್ದು. ಆ ದಾರಿ ಮುಚ್ಚಿರುವಾಗ ಮೇಲೆ ಎಷ್ಟು ಸೀಲೆಂಟ್ ಮೆತ್ತಿದರೂ ಏನು ಪ್ರಯೋಜನ?

ಎಂಜಿಬಿ ಎನ್ನುವ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರೊಂದು ಬಂದಿತ್ತು. ಪಕ್ಕದ ಸೀಟಿನವರು ಕಾಲಿಡುವ ಕಡೆ ನೀರು. ಹಿಂದೆ ಯಾರೋ ಮುಂದಿನ ಗ್ಲಾಸಿನ ಸುತ್ತ ದಪ್ಪಗೆ ಸಿಲಿಕೋನ್ ಎಳೆದಿದ್ದರು. ನಾವು ಗ್ಲಾಸಿನ ಕಡೆ ಹೋಗಲೇ ಇಲ್ಲ. ಬಾನೆಟ್ ಹಿಂದಿನ ಗಾಳಿ ಜಾಲರಿಯಲ್ಲಿ ನಿಧಾನಕ್ಕೆ ಒಂದು ಜಗ್ ನೀರು ಸುರಿದೆವು. ಆ ಕಾರಿನಲ್ಲಿ ಜಾಲರಿಯ ಕೆಳಗೆ ಒಂದು ಪೆಟ್ಟಿಗೆ ಇದೆ, ಅದರ ತಳದಿಂದ ರಬ್ಬರ್ ಪೈಪು ಕಾರಿನ ಅಡಿಗೆ ಇಳಿಯುತ್ತದೆ. ಸುರಿದ ನೀರು ನೆಲಕ್ಕೆ ಬೀಳಬೇಕಿತ್ತು. ಒಂದು ಹನಿಯೂ ಬೀಳಲಿಲ್ಲ. ಸ್ವಲ್ಪ ಹೊತ್ತಿಗೆ ಟಾರ್ಚ್ ಹಿಡಿದು ಡ್ಯಾಶ್‌ಬೋರ್ಡ್ ಕೆಳಗೆ ಮಲಗಿದ್ದ ಹುಡುಗ, "ಅಣ್ಣಾ, ಹೀಟರ್ ಪಕ್ಕದಲ್ಲಿ ಬಂತು!" ಎಂದು ಕೂಗಿದ. ಪೈಪಿನ ತುದಿಯಲ್ಲಿ ಎಲೆ, ಮಣ್ಣು ಕೂತು ಗಟ್ಟಿಯಾಗಿತ್ತು. ನೀರು ಪೆಟ್ಟಿಗೆಯಲ್ಲಿ ತುಂಬಿ, ಹೀಟರ್ ಕೂರುವ ಜಾಗದ ಸೀಲ್ ದಾಟಿ ಒಳಗೆ ಬರುತ್ತಿತ್ತು. ಪೈಪು ಬಿಡಿಸಿ ತೊಳೆದು ಹಾಕಿದ ಮೇಲೆ ಜಗ್ಗಿನ ನೀರು ನೇರ ನೆಲಕ್ಕೆ ಬಿತ್ತು. ಸಿಲಿಕೋನ್ ಕೆರೆದು ತೆಗೆಯುವುದೇ ಅದಕ್ಕಿಂತ ದೊಡ್ಡ ಕೆಲಸವಾಯಿತು.

ಎಲ್ಲ ಕಾರುಗಳಲ್ಲೂ ಇಷ್ಟು ಸುಲಭಕ್ಕೆ ಮುಗಿಯುವುದಿಲ್ಲ. 1965ರಿಂದ 1968ರವರೆಗಿನ ಫೋರ್ಡ್ ಮಸ್ಟಾಂಗ್‌ಗಳಲ್ಲಿ ಇದೇ ಜಾಗದ ತಗಡು ತುಕ್ಕು ಹಿಡಿಯುವುದು ಹೆಸರುವಾಸಿ. ಗಾಳಿ ಒಳಬರುವ ತೂತಿನ ಸುತ್ತ ಎತ್ತರದ ಅಂಚು ಇದೆ. ಎಲೆ ಕೊಳೆತು ಅದರ ಬುಡದಲ್ಲಿ ಕೂತರೆ ಅಂಚೇ ತುಕ್ಕಾಗಿ ಹೋಗುತ್ತದೆ. ಮೇಲಿನ ತಗಡನ್ನು ಸ್ಪಾಟ್ ವೆಲ್ಡ್‌ನಲ್ಲಿ ಕೂರಿಸಿರುವುದರಿಂದ ಸರಿಯಾದ ರಿಪೇರಿ ಆಗಬೇಕೆಂದರೆ ಆ ವೆಲ್ಡ್‌ಗಳನ್ನೆಲ್ಲ ಡ್ರಿಲ್ ಮಾಡಿ ತಗಡು ಎತ್ತಬೇಕು. ಮೇಲಿನಿಂದ ಕಪ್ಪು ಟಾರು ಸುರಿದು ಮುಚ್ಚಿದ ಕಾರುಗಳನ್ನು ನೋಡಿದ್ದೇನೆ. ಟಾರಿನ ಅಡಿಯಲ್ಲಿ ತುಕ್ಕು ಇನ್ನೂ ಜೋರಾಗಿ ತಿನ್ನುತ್ತಾ ಹೋಗುತ್ತದೆ.

ಡ್ರೈನ್‌ಗಳೆಲ್ಲ ಸರಿಯಿದ್ದೂ ಸೋರುತ್ತಿದ್ದರೆ ಹೊರಗಿನಿಂದ ಪೈಪಿನಲ್ಲಿ ನೀರು ಬಿಟ್ಟು ನೋಡುವ ಪರೀಕ್ಷೆ. ಪ್ರೆಶರ್ ವಾಷರ್ ಬೇಡ. ಅದರ ಒತ್ತಡಕ್ಕೆ ಒಳ್ಳೇ ಸೀಲ್ ಕೂಡ ನೀರು ಬಿಡುತ್ತದೆ, ದಾರಿ ತಪ್ಪಿಸುತ್ತದೆ. ನಳಿಕೆ ಇಲ್ಲದ ಸಾಧಾರಣ ಪೈಪು, ಸಣ್ಣ ಹರಿವು. ಯಾವಾಗಲೂ ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಹೋಗಬೇಕು. ಮೇಲೆ ಶುರು ಮಾಡಿದರೆ ಹರಿಯುವ ನೀರು ಕೆಳಗಿನ ಸಂದುಗಳನ್ನೂ ಒದ್ದೆ ಮಾಡುತ್ತದೆ, ಯಾವುದು ಸೋರಿತು ಅಂತ ಹೇಳಲಾಗುವುದಿಲ್ಲ. ಒಂದು ಜಾಗದಲ್ಲಿ ಐದು ನಿಮಿಷವಾದರೂ ನೀರು ಬಿಡಬೇಕು. ಒಳಗೆ ಇನ್ನೊಬ್ಬರು ಟಾರ್ಚ್ ಹಿಡಿದು ಕೂತಿರಬೇಕು. ಸಂದೇಹ ಇರುವ ಸಂದಿನ ಒಳಭಾಗಕ್ಕೆ ಟಾಲ್ಕಂ ಪೌಡರ್ ತೆಳ್ಳಗೆ ಉದುರಿಸಿದರೆ ನೀರು ಹರಿದ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಆ ಗೆರೆಯನ್ನು ಮೇಲ್ಮುಖವಾಗಿ ಹಿಡಿದು ಹೋದರೆ ನೀರು ಒಳಬರುವ ಜಾಗ ಸಿಕ್ಕಿತು ಅಂತಲೇ. ನನಗೆ ಈ ಕೆಲಸದಲ್ಲಿ ಅತಿ ಹೆಚ್ಚು ಸಂತೋಷ ಕೊಡುವ ಗಳಿಗೆ ಅದು.

ನೀರಿಗೆ ಸಿಗದ ಸಂದುಗಳಿಗೆ ಇನ್ನೊಂದು ಉಪಾಯ ಇದೆ. ಒಂದು ಕಿಟಕಿಯಿಂದ ಬ್ಲೋವರ್ ಮೂಲಕ ಒಳಗೆ ಗಾಳಿ ತುಂಬಿಸಿ, ಉಳಿದದ್ದನ್ನೆಲ್ಲ ಮುಚ್ಚಿ, ಹೊರಗಿನಿಂದ ಸೋಪಿನ ನೀರು ಸ್ಪ್ರೇ ಮಾಡುವುದು. ಗಾಳಿ ಹೊರಬರುವ ಕಡೆ ಗುಳ್ಳೆ ಏಳುತ್ತದೆ. ಡಿಕ್ಕಿಯ ಹಿಂದಿನ ಲೈಟುಗಳ ಗ್ಯಾಸ್ಕೆಟ್, ಆಂಟೆನಾ ಬುಡ, ಫೈರ್‌ವಾಲ್‌ನಲ್ಲಿ (ಎಂಜಿನ್ ಮತ್ತು ಕಾರಿನ ಒಳಭಾಗದ ನಡುವಿನ ತಗಡು) ಕೇಬಲ್ ತೂರುವ ಗ್ರೋಮೆಟ್ (ತೂತಿನ ರಬ್ಬರ್ ಬಳೆ) ಇವೆಲ್ಲ ಹೀಗೆ ಬೇಗ ಸಿಕ್ಕಿಬೀಳುತ್ತವೆ.

ಓಡುವಾಗ ಮಾತ್ರ ಸೋರುವ ಕಾರಿಗೆ ಚಕ್ರದ ಕಮಾನಿನ ಒಳಗಿನಿಂದ ಮೇಲಕ್ಕೆ ನೀರು ಹೊಡೆಯಬೇಕು. ಚಕ್ರ ಎಸೆಯುವ ನೀರು ಮಳೆಗಿಂತ ಜೋರಾಗಿರುತ್ತದೆ, ಕೆಳಗಿನಿಂದ ಬರುತ್ತದೆ. 1959ರಲ್ಲಿ ಬಂದ ಮೊದಲ ಮಿನಿ ಕಾರುಗಳ ಕಥೆ ಇದೇ. ಫ್ಲೋರಿನ ತಗಡುಗಳು ಒಂದರ ಮೇಲೊಂದು ಕೂರುವ ಅಂಚು ಮುಂದಕ್ಕೆ ಬಾಯಿ ತೆರೆದಂತಿತ್ತು. ಓಡುವಾಗ ಚಿಮ್ಮಿದ ನೀರು ಸೀದಾ ಆ ಸಂದಿಗೆ ನುಗ್ಗಿ ಒಳಗೆ ಬರುತ್ತಿತ್ತು. ಅಂಥ ದೊಡ್ಡ ಕಂಪನಿಯ ಕಾರಿನಲ್ಲೇ ಹೀಗಾಗಿತ್ತು ಎಂದರೆ, ಹಿಂದೆ ಯಾರೋ ಫ್ಲೋರ್ ಬದಲಿಸಿದ ಕಾರಿನಲ್ಲಿ ವೆಲ್ಡ್ ಮಾಡಿದ ಅಂಚುಗಳನ್ನು ನೋಡದೆ ಬಿಡಬಾರದು ಅಲ್ವಾ?

ಮುಂದಿನ ಗ್ಲಾಸಿನ ರಬ್ಬರ್ ನಿಜವಾಗಿಯೂ ಹೋಗಿರುವುದೂ ಉಂಟು. ಹಳೇ ರಬ್ಬರ್ ಬಿಸಿಲಿಗೆ ಗಟ್ಟಿಯಾಗಿ ಕುಗ್ಗುತ್ತದೆ, ಮೂಲೆಗಳಲ್ಲಿ ಮೊದಲು ಬಿಡುತ್ತದೆ. ಬದಲಿಸುವುದೇ ಸರಿ. ರಬ್ಬರನ್ನು ಗ್ಲಾಸಿಗೆ ಹಾಕಿ, ಅದರ ಒಳ ಕಾಲುವೆಯಲ್ಲಿ ಗಟ್ಟಿ ದಾರ ಸುತ್ತಿ, ಸೋಪಿನ ನೀರು ಸವರಿ, ಒಬ್ಬರು ಹೊರಗಿನಿಂದ ಒತ್ತುತ್ತಾ ಇನ್ನೊಬ್ಬರು ಒಳಗಿನಿಂದ ದಾರ ಎಳೆಯುತ್ತಾ ಕೂರಿಸುತ್ತೇವೆ. ಆದರೆ ಹೊಸ ರಬ್ಬರ್ ಹಾಕುವ ಮೊದಲು ಫ್ರೇಮಿನ ಅಂಚನ್ನು ಬೆರಳಾಡಿಸಿ ನೋಡಿ. ಅಲ್ಲಿ ತುಕ್ಕಿನ ಗುಳ್ಳೆ ಇದ್ದರೆ ಎಂಥ ರಬ್ಬರೂ ಕೂರುವುದಿಲ್ಲ.

ಬಾಗಿಲಿನ ಬೀಡಿಂಗ್‌ಗೆ, ಅಂದರೆ ಸುತ್ತಲಿನ ರಬ್ಬರ್ ಪಟ್ಟಿಗೆ, ಕಾಗದದ ಪರೀಕ್ಷೆ ಸಾಕು. ಕಾಗದದ ಪಟ್ಟಿ ಇಟ್ಟು ಬಾಗಿಲು ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ಅಲ್ಲಿ ಹಿಡಿತ ಇಲ್ಲ. ಹೊಸ ಬೀಡಿಂಗ್ ತರುವ ಮೊದಲು ಹಿಂಜ್ ಮತ್ತು ಲಾಕ್ ಹೊಂದಿಸಿ ನೋಡಿ, ಎಷ್ಟೋ ಸಲ ಬಾಗಿಲು ಇಳಿದಿರುತ್ತದೆ ಅಷ್ಟೇ. ಬಾಗಿಲಿನ ಟ್ರಿಮ್ ಹಿಂದೆ ಪ್ಲಾಸ್ಟಿಕ್ ಅಥವಾ ಮೇಣದ ಕಾಗದದ ಹಾಳೆ ಇರಬೇಕು. ಸ್ಪೀಕರ್ ಹಾಕುವವರು ಅದನ್ನು ಹರಿದು ಬಿಸಾಡಿರುತ್ತಾರೆ. ಆ ಹಾಳೆ ಇಲ್ಲದಿದ್ದರೆ ಬಾಗಿಲಿನೊಳಗೆ ಇಳಿದ ನೀರು ಟ್ರಿಮ್ ನೆನೆಸಿ ಕಾರ್ಪೆಟ್‌ಗೆ ಬರುತ್ತದೆ. ಹೊಸ ಪೇಂಟ್ ಆದ ಕಾರಿನಲ್ಲಿ ಬಾಗಿಲಿನ ಅಡಿಯ ತೂತು ಪೇಂಟಿನಿಂದ ಮುಚ್ಚಿಹೋಗಿದೆಯೋ ಅಂತ ಕಡ್ಡಿ ಹಾಕಿ ನೋಡಿ. ಸನ್‌ರೂಫ್ ಪೈಪಿಗೆ ಕಂಪ್ರೆಸರ್ ಗಾಳಿ ಹೊಡೆಯಬೇಡಿ. ಪಿಲ್ಲರ್ ಒಳಗಿನ ಜಾಯಿಂಟ್ ಕಳಚಿಕೊಂಡರೆ ಕೆಲಸ ಹತ್ತು ಪಟ್ಟಾಗುತ್ತದೆ. ಮೆತ್ತನೆ ನೈಲಾನ್ ತಂತಿ ಸಾಕು.

ಕೊನೆಗೆ ಸೀಲೆಂಟ್. ವಿನೆಗರ್ ವಾಸನೆಯ ಸಿಲಿಕೋನ್ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಬರಿ ತಗಡಿಗೆ ತುಕ್ಕು ಹಿಡಿಸುತ್ತದೆ. ಅದರ ಮೇಲೆ ಪೇಂಟೂ ನಿಲ್ಲುವುದಿಲ್ಲ. ತಗಡಿನ ಸಂದಿಗೆ ತುಕ್ಕು ತೆಗೆದು, ಎಪಾಕ್ಸಿ ಪ್ರೈಮರ್ ಹೊಡೆದು, ಪಾಲಿಯುರೆಥೇನ್ ಸೀಮ್ ಸೀಲರ್ ಹಾಕುತ್ತೇನೆ. ಗ್ಲಾಸಿನ ರಬ್ಬರ್ ಅಡಿಗೆ ಗಟ್ಟಿಯಾಗದ ಬ್ಯೂಟೈಲ್ ಮಾಸ್ಟಿಕ್. ಒಂದು ಸಲಕ್ಕೆ ಒಂದೇ ಜಾಗ ಸರಿ ಮಾಡಿ, ಮತ್ತೆ ನೀರು ಬಿಟ್ಟು ನೋಡಿ. ಸೋರುವ ಜಾಗ ಒಂದೇ ಇರುತ್ತದೆ ಅಂತ ಅಂದುಕೊಳ್ಳಬೇಡಿ. ದೊಡ್ಡದು ನಿಂತ ಮೇಲೆ ಸಣ್ಣದು ಕಾಣಿಸಿಕೊಳ್ಳುತ್ತದೆ.

ಎಲ್ಲ ಮುಗಿದರೂ ನಾನು ಕಾರ್ಪೆಟ್ ಹಾಕುವುದಿಲ್ಲ. ಫ್ಲೋರಿಗೆ ಪೇಂಟ್ ಮಾಡಿ, ಸೀಟು ಮಾತ್ರ ಕೂರಿಸಿ ಕಾರು ಕೊಡುತ್ತೇನೆ. ಕಾರ್ಪೆಟ್ ಸುತ್ತಿ ಬೇರೆಯಾಗಿ ಇಟ್ಟಿರುತ್ತೇನೆ. "ಸರ್, ಎರಡು ಮೂರು ಜೋರು ಮಳೆಯಲ್ಲಿ ಓಡಿಸಿ, ರಾತ್ರಿ ಹೊರಗೇ ನಿಲ್ಲಿಸಿ, ಬೆಳಗ್ಗೆ ಫ್ಲೋರ್ ಮೇಲೆ ಕೈಯಾಡಿಸಿ ನೋಡಿ" ಎನ್ನುತ್ತೇನೆ. ಕೆಲವರಿಗೆ ಬೇಸರವಾಗುತ್ತದೆ, ಕಾರು ಅರ್ಧ ಕೆಲಸದಲ್ಲಿ ಸಿಕ್ಕ ಹಾಗಾಯಿತಲ್ಲ ಅಂತ. ಆದರೂ ಈ ವಿಷಯದಲ್ಲಿ ನಾನು ಬಗ್ಗುವುದಿಲ್ಲ. ಫ್ಲೋರ್ ಒಣಗಿಯೇ ಉಳಿದರೆ ಕಾರು ಮತ್ತೆ ತರುತ್ತಾರೆ, ಹೊಸ ಫೆಲ್ಟ್ ಹಾಕಿ ಕಾರ್ಪೆಟ್ ಕೂರಿಸಿ ಕಳಿಸುತ್ತೇವೆ.